ಊರಿಗೆ ಹೊಂದಿಕೊಂಡ 38 ಎಕರೆಯಲ್ಲಿ ಬಡಾವಣೆ: ಊರು ಕೆಡದಂತೆ ನಕ್ಷೆ ಮಾಡುವುದು ಹೇಗೆ?

ಪ್ರಶ್ನೆ | ಮಸಾರಿಹೊಲ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಸುಮಾರು ಒಂಬತ್ತು ಕಿಲೋಮೀಟರ್ ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 48ರಿಂದ ಸ್ವಲ್ಪ ಒಳಗಿರುವ ಊರು ನಮ್ಮದು. ಊರಿನಲ್ಲಿ 450 ಮನೆಗಳಿವೆ. ಊರಿನ ಪಶ್ಚಿಮಕ್ಕೆ ಹೊಂದಿಕೊಂಡಂತೆ ನಮ್ಮ ಹನ್ನೊಂದು ಕುಟುಂಬಗಳಿಗೆ ಸೇರಿದ 38 ಎಕರೆ ಖುಷ್ಕಿ ಜಮೀನಿದೆ. ಭದ್ರಾ ಅಚ್ಚುಕಟ್ಟು ನಮ್ಮೂರು ತಲುಪುವ ಮೊದಲೇ ಮುಗಿಯುತ್ತದೆ. ನಮ್ಮ ಕೆರೆ 22 ಕೆರೆಗಳ ಏತ ನೀರಾವರಿ ಯೋಜನೆಯಲ್ಲಿಯೂ ಸೇರಿಲ್ಲ. ಹಾಗಾಗಿ ಮಳೆ ನಂಬಿ ಮೆಕ್ಕೆಜೋಳ ಹಾಕುತ್ತೇವೆ. ಮಳೆ ಕೈಕೊಟ್ಟ ವರ್ಷ ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ.

ಎರಡು ವರ್ಷಗಳಿಂದ ಬಡಾವಣೆ ಮಾಡುವವರು ಮುಂಗಡದ ಹಣ ಹಿಡಿದು ಬಂದುಹೋಗುತ್ತಿದ್ದಾರೆ. ಯಾರಿಗೋ ಮಾರಿ ಕೈತೊಳೆದುಕೊಳ್ಳುವುದಕ್ಕಿಂತ, ಪುಣೆಯ ಮಗರ್‌ಪಟ್ಟಾದಲ್ಲಿ ರೈತ ಕುಟುಂಬಗಳೇ ಸುಮಾರು 400 ಎಕರೆ ಒಟ್ಟುಗೂಡಿಸಿ ಕಂಪನಿ ಕಟ್ಟಿಕೊಂಡಂತೆ, ನಾವೇ ಸೇರಿ ಮಾಡಿದರೆ ಹೇಗೆ ಎಂಬ ಯೋಚನೆ ನಮ್ಮಲ್ಲಿ ಹುಟ್ಟಿದೆ. ಒಬ್ಬ ಸಲಹೆಗಾರರಿಂದ ಮೊದಲ ನಕ್ಷೆಯನ್ನೂ ಮಾಡಿಸಿದ್ದೇವೆ: ಮೂವತ್ತು-ನಲವತ್ತರ ಅಳತೆಯ 560 ನಿವೇಶನಗಳು, ಸುತ್ತಲೂ ಕಾಂಪೌಂಡ್ ಗೋಡೆ, ಹೆದ್ದಾರಿಯ ಕಡೆಗೆ ಕಮಾನು, ಯಾರಿಗೂ ಬೇಡವಾದ ಮೂಲೆಯಲ್ಲಿ ಉದ್ಯಾನ. ನಿಯಮದ ಪ್ರಕಾರ ಅದರಲ್ಲಿ ತಪ್ಪಿಲ್ಲವಂತೆ. ಆದರೆ ಆ ಹಾಳೆಯಲ್ಲಿ ನಮ್ಮ ಊರು ಎಲ್ಲಿದೆ ಎಂದು ನನ್ನ ತಾಯಿ ಕೇಳಿದಾಗ ತೋರಿಸಲು ಒಂದು ಗೆರೆಯೂ ಇರಲಿಲ್ಲ.

ಜಮೀನಿನ ಮೇಲ್ಭಾಗ ಮಸಾರಿ (ಕೆಂಪು ಮಣ್ಣು), ಊರಿನ ಕಡೆಗೆ ಇಳಿಯುತ್ತ ಬಂದಂತೆ ಎರೆ (ಕಪ್ಪು ಮಣ್ಣು). ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಹಳ್ಳ ಹರಿದು ಊರ ಕೆರೆಗೆ ಸೇರುತ್ತದೆ. ಕುಡಿಯುವ ನೀರಿಗೆ ಪಂಚಾಯಿತಿಯ ಕೊಳವೆಬಾವಿಗಳೇ ಆಧಾರ. ಈ ನೀರಿನಲ್ಲಿಯೇ ಹೊಸ ಮನೆಗಳೂ ಬದುಕಬೇಕು, ಊರಿನವರ ಬಾಯಿಯೂ ಒಣಗಬಾರದು, ಹತ್ತು ವರ್ಷಗಳ ನಂತರ ಎರಡೂ ಕಡೆಯವರು ಪರಸ್ಪರ ದೂರು ಬರೆಯುವ ಸ್ಥಿತಿಯೂ ಬರಬಾರದು ಎಂದರೆ ಈ ನಕ್ಷೆಯನ್ನು ಎಲ್ಲಿಂದ ತಿದ್ದಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1 | ಸರಪಳಿ

ಭೂಮಾಪನದ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು; ಆದ್ದರಿಂದ ನನ್ನ ಉತ್ತರ ಕಾಗದಪತ್ರದ ಕಡೆಗೇ ವಾಲುತ್ತದೆ. ಆ ನಕ್ಷೆಯನ್ನು ತಿದ್ದಬೇಡಿ, ಪಕ್ಕಕ್ಕಿಡಿ. ಮೊದಲು ನಿಮ್ಮ ಊರಿನ ಗ್ರಾಮ ನಕಾಶೆಯನ್ನು ತೆಗೆಸಿ, ಅದರ ಜೊತೆಗೆ 38 ಎಕರೆಯೊಳಗೆ ಬರುವ ಪ್ರತಿಯೊಂದು ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ವಿಸ್ತೀರ್ಣ, ಕಂದಾಯದ ದಾಖಲೆಯಾದ ಆಕಾರ್‌ಬಂದ್ ಪಡೆಯಿರಿ. ನಕಾಶೆಯಲ್ಲಿ ಹಳ್ಳಕ್ಕೆ, ಬಂಡಿದಾರಿಗೆ, ಕಾಲುದಾರಿಗೆ, ಕೆರೆಗೆ, ಸ್ಮಶಾನಕ್ಕೆ ಬೇರೆ ಬೇರೆ ಗುರುತುಗಳಿರುತ್ತವೆ. ಆಕಾರ್‌ಬಂದ್‌ನಲ್ಲಿ ಖರಾಬು ಎಷ್ಟು, ಅದರಲ್ಲಿ ‘ಅ’ ಎಷ್ಟು, ‘ಬ’ ಎಷ್ಟು ಎಂಬುದು ಸಿಗುತ್ತದೆ. ‘ಅ’ ಖರಾಬು ಸಾಗುವಳಿಗೆ ಬಾರದ ಜಾಗವಷ್ಟೇ. ‘ಬ’ ಖರಾಬು ಸಾರ್ವಜನಿಕರ ಹಕ್ಕಿನದು. ಪಹಣಿಯಲ್ಲಿ ನಿಮ್ಮ ಹೆಸರಿದ್ದರೂ ಆ ಗುಂಟೆಗಳು ನಿಮ್ಮವಲ್ಲ, ಅದರ ಮೇಲೆ ನಿವೇಶನ ಬರೆಯುವಂತಿಲ್ಲ.

ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಡಾವಣೆಯ ನಕ್ಷೆ ಮಾಡುವವರು ಸಾಮಾನ್ಯವಾಗಿ ಹೊರಗಡಿಯನ್ನು ಅಳೆದು, ಒಳಗೆ ಚೌಕಟ್ಟು ಹಾಕಿ, ಎಷ್ಟು ನಿವೇಶನ ಕೂರುತ್ತವೆ ಎಂದು ಎಣಿಸುತ್ತಾರೆ. ಅಡ್ಡ ಬಂದ ಹಳ್ಳವನ್ನು ನೇರ ಮಾಡಿ ಮೂರು ಅಡಿ ಚರಂಡಿಯೊಳಗೆ ತುರುಕುತ್ತಾರೆ. ಹಳ್ಳ ಮಾತ್ರ ತನ್ನ ಜಾಡನ್ನು ಮರೆಯುವುದಿಲ್ಲ. ದೊಡ್ಡ ಮಳೆ ಬಂದ ದಿನ ಹಳೆಯ ತಿರುವಿನಲ್ಲಿಯೇ ಯಾರದೋ ಅಡುಗೆಮನೆಯ ಮೂಲಕ ಹರಿದುಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಳತೆಗೂ ಹೋಗಿದ್ದೇನೆ.

ಹಳ್ಳ, ದಾರಿ ಮತ್ತು ಸ್ಮಶಾನಕ್ಕೆ ಹೋಗುವ ಹಾದಿ, ಈ ಮೂರನ್ನು ಬಣ್ಣದಲ್ಲಿ ಬರೆದುಕೊಂಡ ಮೇಲೆ ಉಳಿಯುವ ಬಿಳಿ ಜಾಗವಷ್ಟೇ ನಿಮ್ಮ ಬಡಾವಣೆ. ನಕಾಶೆಯಲ್ಲಿ ಇಲ್ಲದಿದ್ದರೂ ರೂಢಿಯಲ್ಲಿರುವ ದಾರಿಗಳಿವೆಯೇ ಎಂಬುದನ್ನು ದನ ಕಾಯುವವರನ್ನು ಕೇಳಿ. ಗ್ರಾಮ ಲೆಕ್ಕಿಗರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಹೀಗೆ ಮಾಡಿದರೆ 560 ಎಂಬ ಸಂಖ್ಯೆ ಇಳಿಯುತ್ತದೆ. ಮೂವತ್ತು-ನಲವತ್ತು ಎಂದರೆ 1,200 ಚದರ ಅಡಿ, ಅಂದರೆ 33 ಅಡಿಯ ಸರಪಳಿಯ ಚೌಕವಾದ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ಎಲ್ಲರಿಗೂ ಅದೇ ಅಳತೆ ಏಕೆ ಬೇಕು ಎಂಬುದನ್ನೂ ಯೋಚಿಸಿ. ಊರಿನ ಯುವಕರಿಗೆ ಕೈಗೆಟುಕುವ ಸಣ್ಣ ನಿವೇಶನಗಳನ್ನು ಗ್ರಾಮಠಾಣಕ್ಕೆ (ಊರಿನ ಮನೆಗಳಿರುವ ಜಾಗಕ್ಕೆ) ತಾಗಿದ ಸಾಲಿನಲ್ಲಿ ಇಟ್ಟರೆ, ಊರು ಸಹಜವಾಗಿ ಬೆಳೆದಂತೆಯೇ ಆಗುತ್ತದೆ.

ಭೂಪರಿವರ್ತನೆಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಅರ್ಜಿ ಹಾಕುವ ಮೊದಲೇ ಈ ಕೆಲಸ ಮುಗಿಯಲಿ. ನಂತರ ಮಾಡಿದರೆ ಪ್ರತಿ ಗೆರೆಗೂ ಜಗಳ.

ಉತ್ತರ 2 | ನಲ್ಲಿನೀರು

ನೀರಿನ ಲೆಕ್ಕವನ್ನು ನಾನು ಮಾಡಿ ಕೊಡುತ್ತೇನೆ, ಏಕೆಂದರೆ ಇದನ್ನು ಯಾರೂ ಮೊದಲು ಮಾಡುವುದಿಲ್ಲ. 560 ಮನೆಗಳು, ಮನೆಗೆ ಸರಾಸರಿ ನಾಲ್ಕೂವರೆ ಜನ ಎಂದರೆ ಸುಮಾರು 2,500 ಜನ. ನಗರದ ಮಾನದಂಡದಂತೆ ತಲಾ ದಿನಕ್ಕೆ 135 ಲೀಟರ್ ಹಿಡಿದರೆ ದಿನಕ್ಕೆ 3.4 ಲಕ್ಷ ಲೀಟರ್ ಬೇಕು. ನಿಮ್ಮ ಊರಿನ 450 ಮನೆಗಳಲ್ಲಿ ಎರಡು ಸಾವಿರ ಜನರಿದ್ದಾರೆ ಎಂದುಕೊಳ್ಳೋಣ. ಜಲಜೀವನ ಮಿಷನ್ನಿನ ಲೆಕ್ಕ ತಲಾ 55 ಲೀಟರ್, ಅಂದರೆ ದಿನಕ್ಕೆ 1.1 ಲಕ್ಷ ಲೀಟರ್. ಒಂದೇ ನೆಲದಡಿಯ ನೀರನ್ನು ಬೇಲಿಯ ಆಚೆ ಒಬ್ಬರು 55 ಲೀಟರಿನಂತೆ, ಈಚೆ ಒಬ್ಬರು 135 ಲೀಟರಿನಂತೆ ಎತ್ತುತ್ತಾರೆ. ಇಲ್ಲಿಂದಲೇ ಮನಸ್ತಾಪ ಶುರುವಾಗುತ್ತದೆ; ತಿಪ್ಪೆಯ ವಾಸನೆ, ಜಾತ್ರೆಯ ಮೈಕು ಎಲ್ಲ ನೆಪ ಮಾತ್ರ.

ಬೇಡಿಕೆಯನ್ನು ಮೊದಲು ಇಳಿಸಬೇಕು. ಆ 135ರಲ್ಲಿ ಸುಮಾರು 45 ಲೀಟರ್ ಶೌಚಾಲಯದ ಫ್ಲಶ್‌ಗೇ ಹೋಗುತ್ತದೆ. ಆರಂಭದಲ್ಲಿಯೇ ಎರಡು ಪೈಪುಗಳ ವ್ಯವಸ್ಥೆ ಹಾಕಿ, ಸ್ನಾನ ಮತ್ತು ಬಟ್ಟೆಯ ನೀರನ್ನು ಶುದ್ಧ ಮಾಡಿ ಫ್ಲಶ್‌ಗೆ ತಿರುಗಿಸಿದರೆ ಕೊಳವೆಬಾವಿಯಿಂದ ಬೇಕಾದದ್ದು 90 ಲೀಟರ್, ಒಟ್ಟು ಸುಮಾರು 2.3 ಲಕ್ಷ. ಮನೆ ಕಟ್ಟಿದ ಮೇಲೆ ಇದನ್ನು ಮಾಡಲು ಹೋದರೆ ಗೋಡೆ ಒಡೆಯಬೇಕಾಗುತ್ತದೆ, ಯಾರೂ ಮಾಡುವುದಿಲ್ಲ.

ಇನ್ನು ಮಳೆ. ನಮ್ಮ ಕಡೆ ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಎಂದು ಹಿಡಿಯಬಹುದು. 70 ಚದರ ಮೀಟರ್ ತಾರಸಿಯಿಂದ, ಸೋರಿ ಆರಿ ಹೋಗುವುದನ್ನು ಕಳೆದು, ಸುಮಾರು 33 ಸಾವಿರ ಲೀಟರ್ ಸಿಗುತ್ತದೆ. 560 ತಾರಸಿಗಳು ಸೇರಿದರೆ ಎರಡೂವರೆ ತಿಂಗಳಿಗಿಂತ ಹೆಚ್ಚು ದಿನಗಳ ನೀರು. ಮನೆಗೆ ಹತ್ತು ಸಾವಿರ ಲೀಟರಿನ ಸಂಪು ಇದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ಹಲವು ಬಾರಿ ತುಂಬಿ ಖಾಲಿಯಾಗುತ್ತದೆ. ಮಿಕ್ಕಿದ್ದು ಇಂಗುಬಾವಿಗೆ ಹೋಗಲಿ. ತಾರಸಿಯ ನೀರನ್ನು ಮಾತ್ರ ಇಂಗಿಸಿ. ರಸ್ತೆಯ ನೀರಿನಲ್ಲಿ ಡೀಸೆಲ್, ಆಯಿಲ್ ಎಲ್ಲವೂ ಇರುತ್ತದೆ. ಅದನ್ನು ಕೊಳವೆಬಾವಿಯ ಪಕ್ಕದಲ್ಲಿ ಇಳಿಸಿದರೆ ಊರಿನವರ ಕುಡಿಯುವ ನೀರಿಗೆ ನಾವೇ ಕೈಯಾರೆ ಕೊಳೆ ಬೆರೆಸಿದಂತೆ.

ಉತ್ತರ 3 | ಲೆಕ್ಕಪತ್ರ

ಮೇಲಿನವರ ಮಾತು ಸರಿ, ಆದರೆ ಒಂದು ಎಚ್ಚರಿಕೆ. ದಾವಣಗೆರೆಯ ಸುತ್ತ ನಿವೇಶನ ಕೊಳ್ಳುವವರಲ್ಲಿ ಬಹಳ ಜನ ಮನೆ ಕಟ್ಟಲು ಕೊಳ್ಳುವುದಿಲ್ಲ, ಮಗಳ ಮದುವೆಗೆ ಎಂದು ಕೊಂಡು ಇಡುತ್ತಾರೆ. ಹತ್ತು ವರ್ಷ ಹಳೆಯದಾದ ಎಷ್ಟೋ ಬಡಾವಣೆಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಮನೆ, ಉಳಿದದ್ದೆಲ್ಲ ಪಾರ್ಥೇನಿಯಂ, ಅದರ ನಡುವೆ ರಾತ್ರಿಯಿಡೀ ಉರಿಯುವ ಬೀದಿದೀಪ. ಫಸಲು ಬರುತ್ತಿದ್ದ ಹೊಲವನ್ನು ಕಳೆಯ ಬಯಲು ಮಾಡಿದ್ದಷ್ಟೇ ಆಗುತ್ತದೆ. ಹಂತ ಹಂತವಾಗಿ ಮಾಡಿ. ಊರಿಗೆ ತಾಗಿದ ಎಂಟು-ಹತ್ತು ಎಕರೆ ಮೊದಲು. ಅದರಲ್ಲಿ ಅರ್ಧದಷ್ಟಾದರೂ ಮನೆ ಎದ್ದ ಮೇಲೆ ಮುಂದಿನದು. ಅಲ್ಲಿಯವರೆಗೆ ಮೇಲಿನ ಹೊಲದಲ್ಲಿ ಜೋಳವೇ ಬೆಳೆಯಲಿ.

ರಸ್ತೆ, ಉದ್ಯಾನ, ಮೋಟರ್ ಎಲ್ಲವನ್ನೂ ಕೊನೆಗೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ. ಖಾಲಿ ನಿವೇಶನದ ಕಂದಾಯದಿಂದ ಪಂಚಾಯಿತಿ ಅವುಗಳ ವಿದ್ಯುತ್ ಬಿಲ್ಲನ್ನೂ ಕಟ್ಟಲಾರದು. ಇನ್ನು, ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಂತೆ 500 ಚದರ ಮೀಟರ್‌ಗಿಂತ ಹೆಚ್ಚು ಭೂಮಿಯ ಯೋಜನೆಯನ್ನು ನೋಂದಾಯಿಸದೆ ಯಾರಿಂದಲೂ ಮುಂಗಡ ಪಡೆಯುವಂತಿಲ್ಲ, ಮತ್ತು ಬಂದ ಹಣದಲ್ಲಿ ಶೇ. 70ನ್ನು ಆ ಯೋಜನೆಗೆಂದೇ ತೆರೆದ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಹನ್ನೊಂದು ಕುಟುಂಬಗಳಲ್ಲಿ ಒಬ್ಬರು ಆತುರಪಟ್ಟು ಚೀಟಿಯ ಮೇಲೆ ಸೈಟು ಬರೆದುಕೊಟ್ಟರೂ ಉಳಿದ ಹತ್ತು ಕುಟುಂಬಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ.

ಉತ್ತರ 4 | ಕಲ್ಲಿನಕೋಟೆ

ನಾನು ಚಿತ್ರದುರ್ಗದವನು. ನಮ್ಮ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವಂತೆ ಹಿಂದಿನವರು ಏರ್ಪಾಡು ಮಾಡಿದ್ದರು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಒಂದೇ ಕಡೆ ಹಿಡಿಯಲು ಹೋಗದೆ, ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ ಎಂದು ನೀರಿನ ಓಟವನ್ನು ಕುಗ್ಗಿಸುತ್ತ ಬಂದರು. ನಿಮ್ಮ ಇಳಿಜಾರಿಗೂ ಅದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ನಲ್ಲಿನೀರು ಅವರು ತಾರಸಿಯ ಲೆಕ್ಕ ಕೊಟ್ಟರು. ಇಡೀ ಜಮೀನಿನ ಲೆಕ್ಕ ಬೇರೆ. 38 ಎಕರೆಯ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿದರೆ 77 ಲಕ್ಷ ಲೀಟರ್ ನೀರು. ಇಂದು ಬದುಗಳು ಅದರಲ್ಲಿ ಬಹುಭಾಗವನ್ನು ತಡೆಯುತ್ತವೆ. ನಾಳೆ ಕಾಂಕ್ರೀಟ್ ರಸ್ತೆ ಮತ್ತು ತಾರಸಿಗಳಾದರೆ ಅರ್ಧಕ್ಕಿಂತ ಹೆಚ್ಚು ನೀರು ಒಂದೆರಡು ಗಂಟೆಯಲ್ಲಿ ಕೆಳಕ್ಕೆ ನುಗ್ಗುತ್ತದೆ.

ಈಗ ನನ್ನ ಪ್ರಶ್ನೆ. ಆ ಕೆಳಗೆ ಯಾರ ಮನೆಗಳಿವೆ ಎಂಬುದನ್ನು ತಾವು ಬರೆದಿಲ್ಲ. ನಮ್ಮ ಊರುಗಳಲ್ಲಿ ಹಳ್ಳದ ಪಕ್ಕದ ತಗ್ಗಿನಲ್ಲಿ ಯಾರನ್ನು ಇರಿಸಿದ್ದಾರೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ಉದ್ಯಾನವನ್ನು ‘ಬೇಡವಾದ ಮೂಲೆ’ಗೆ ತಳ್ಳಿದಂತೆಯೇ ಕೊಳಚೆ ನೀರಿನ ಘಟಕವನ್ನೂ ಆ ತಗ್ಗಿನ ಮೂಲೆಗೇ ತಳ್ಳುತ್ತಾರೆ, ಏಕೆಂದರೆ ನೀರು ಇಳಿಯುವುದು ಅಲ್ಲಿಗೇ. ನೀರು ಬಳಕೆಯ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ನಿಮ್ಮ ಬಡಾವಣೆಗೆ ಅದು ದಿನಕ್ಕೆ ಎರಡು ಲಕ್ಷ ಲೀಟರ್ ಮೀರುತ್ತದೆ.

ಕೊಳಚೆಗೆ ಇಂಗುಗುಂಡಿಯನ್ನಂತೂ ನಂಬಬೇಡಿ. ಎರೆಮಣ್ಣು ತೇವವಾದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ, ಗುಂಡಿಯ ನೀರು ಮೇಲೆ ಉಕ್ಕುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಅಂಗೈ ಇಳಿಯುವಷ್ಟು ಬಿರುಕು ಬಿಟ್ಟು, ಕೊಳಚೆ ಸೋಸದೆ ನೇರವಾಗಿ ಕೆಳಗಿಳಿಯುತ್ತದೆ. ಮನೆಯ ತಳಪಾಯಕ್ಕೂ ಇದೇ ಉಬ್ಬುವಿಕೆಯ ಕಾಟ. ಎರೆಯನ್ನು ತೆಗೆದು ಗರಸು ತುಂಬದೆ, ಪ್ಲಿಂತ್ ಬೀಮ್ ಹಾಕದೆ ಕಟ್ಟಿದ ಮನೆಗಳ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುವುದನ್ನು ತಾವೂ ನೋಡಿರುತ್ತೀರಿ. ಆದ್ದರಿಂದ ಮನೆಗಳು ಮಸಾರಿಯ ಮೇಲಿರಲಿ, ಎರೆಯ ಭಾಗ ಆದಷ್ಟು ಹಸಿರಾಗಿಯೇ ಉಳಿಯಲಿ. ಮಸಾರಿ ಮಣ್ಣಿನಲ್ಲಿ ಶೇ. 7-8ರಷ್ಟು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನೂ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಈ ತಂತ್ರವನ್ನು ಬೆಳೆಸಿ ಹರಡಿತು. ಸಂಪು ಮತ್ತು ಪಾಯ ತೋಡಿದ ಮಣ್ಣನ್ನು ಲಾರಿಗೆ ತುಂಬಿ ಹೊರಗೆ ಸುರಿಯುವ ಬದಲು ಅದರಿಂದಲೇ ಗೋಡೆ ಎಬ್ಬಿಸಬಹುದು.

ಕೊಳಚೆಗೆ ಜೊಂಡು, ಕಾನಾ ಗಿಡಗಳನ್ನು ನೆಟ್ಟು ನೀರು ಸೋಸುವ ಜಲ್ಲಿಪಾತಿ ನಮ್ಮ ಬೆಚ್ಚನೆಯ ಹವೆಗೆ ಒಗ್ಗುತ್ತದೆ. ಮೊದಲು ತೊಟ್ಟಿಗಳಲ್ಲಿ ಕೆಸರು ತಂಗಿಸಿ ನಂತರ ಪಾತಿಗೆ ಬಿಟ್ಟರೆ ತಲಾ ಒಂದರಿಂದ ಎರಡು ಚದರ ಮೀಟರ್ ಸಾಕಾಗುತ್ತದೆ. 2,500 ಜನರಿಗೆ ಸುಮಾರು ಒಂದು ಎಕರೆ ತೆಗೆದಿಡಿ. ಅದು ಒಂದೇ ಕಡೆ, ಒಂದೇ ಕೇರಿಯ ಬಾಗಿಲಲ್ಲಿ ಬೇಡ. ಮೂರು ಭಾಗ ಮಾಡಿ ಬಡಾವಣೆಯ ಒಳಗೇ, ಪ್ರತಿ ಹಂತಕ್ಕೆ ಒಂದರಂತೆ ಇಡಿ. ವಾಸನೆ ಬಂದರೆ ಬಡಾವಣೆಯವರ ಮೂಗಿಗೇ ಮೊದಲು ಬರಲಿ. ಆಗ ಪಾತಿ ತಾನಾಗಿಯೇ ಸ್ವಚ್ಛವಾಗಿರುತ್ತದೆ.

ಮಸಾರಿಹೊಲ

ಕಲ್ಲಿನಕೋಟೆಯವರೇ, ತಾವು ಕೇಳಿದ್ದು ಸರಿ, ನಾನು ಬರೆಯಬೇಕಿತ್ತು. ಆಗ್ನೇಯದ ತಗ್ಗಿನಲ್ಲಿ ಕಾಲೊನಿಯ 60 ಮನೆಗಳಿವೆ. ಸಲಹೆಗಾರರ ನಕ್ಷೆಯಲ್ಲಿ ಕೊಳಚೆ ಘಟಕ ಇರುವುದು ಅದರಿಂದ ಇಪ್ಪತ್ತು ಮೀಟರ್ ದೂರದಲ್ಲಿ. ನಮ್ಮ ಹನ್ನೊಂದು ಮನೆಯವರು ನಾಲ್ಕು ಸಭೆ ಮಾಡಿದ್ದೇವೆ, ಕಾಲೊನಿಯವರನ್ನು ಒಮ್ಮೆಯೂ ಕರೆದಿರಲಿಲ್ಲ.

ಉತ್ತರ 5 | ಕಣದಮನೆ

ನನ್ನ ತವರೂರಿನ ಪಕ್ಕ ಹದಿನಾಲ್ಕು ವರ್ಷಗಳ ಹಿಂದೆ ಬಡಾವಣೆ ಆಯಿತು. ಮಾಡಿದವರ ಹೆಸರು ಬೇಡ. ನೀರು, ಮಣ್ಣಿನ ಬಗ್ಗೆ ತಿಳಿದವರು ಬರೆದಿದ್ದಾರೆ. ನಾನು ಗೋಡೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮ ಊರಿನಿಂದ ಹೊಲಕ್ಕೆ ಹೋಗುತ್ತಿದ್ದ ಬಂಡಿದಾರಿಗೆ ಅಡ್ಡವಾಗಿ ಎಂಟು ಅಡಿಯ ಕಾಂಪೌಂಡ್ ಬಂತು. ದಾರಿ ನಕಾಶೆಯಲ್ಲಿ ಇರಲಿಲ್ಲವಂತೆ, ಹಾಗಾಗಿ ಕೇಳುವವರೂ ಇರಲಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವ ಹೆಂಗಸರು ಒಂದೂವರೆ ಕಿಲೋಮೀಟರ್ ಸುತ್ತಿ ಹೋಗಬೇಕಾಯಿತು. ಒಂದು ವರ್ಷದೊಳಗೆ ಯಾರೋ ಗೋಡೆಯಲ್ಲಿ ಆಳು ನುಸುಳುವಷ್ಟು ಕಿಂಡಿ ಒಡೆದರು. ಮುಚ್ಚಿದರು, ಮತ್ತೆ ಒಡೆದರು. ಮೂರನೆಯ ಸಲ ಮುಚ್ಚಲಿಲ್ಲ. ಈಗ ಆ ಕಿಂಡಿಯ ಎರಡೂ ಅಂಚುಗಳು ಮೇವಿನ ಹೊರೆ ಉಜ್ಜಿ ಉಜ್ಜಿ ಒರಳುಕಲ್ಲಿನಂತೆ ನುಣುಪಾಗಿವೆ. ಬಡಾವಣೆಯ ಮಕ್ಕಳೂ ನಮ್ಮೂರಿನ ಅಂಗಡಿಗೆ ಅಲ್ಲಿಂದಲೇ ನುಸುಳಿ ಬರುತ್ತಾರೆ.

ಚಂಡೀಗಢದ ಯೋಜನೆಯಲ್ಲಿ ಬುರೈಲ್ ಎಂಬ ಹಳ್ಳಿಯನ್ನು ಹಾಗೆಯೇ ಬಿಟ್ಟು ಸುತ್ತಲೂ 45ನೇ ಸೆಕ್ಟರನ್ನು ಬೆಳೆಸಿದರು. ಹೊರಗೆ ಅಗಲದ ರಸ್ತೆ, ಒಳಗೆ ಗಾಳಿ ಬೆಳಕಿಲ್ಲದ ಇಕ್ಕಟ್ಟು. ನಿಮ್ಮ ಗೋಡೆಯ ಒಳಗೆ ಊರು ಸಿಕ್ಕಿಕೊಳ್ಳದಿದ್ದರೂ ಒಂದು ಪಕ್ಕ ಮುಚ್ಚಿಹೋದರೆ ಅದೇ ಪಾಡು. ಗೋಡೆಯ ಜಾಗದಲ್ಲಿ ಎರಡೂ ಕಡೆಯವರಿಗೆ ಬೇಕಾದದ್ದನ್ನು ಇಡಿ: ಅಂಗನವಾಡಿ, ಬಸ್ಸು ನಿಲ್ಲುವ ಕಟ್ಟೆ, ಹಾಲಿನ ಡೇರಿ, ಹೊಂಗೆ-ಬೇವಿನ ಸಾಲು. ಮುಖ್ಯವಾಗಿ ಒಂದು ಕಣ. ನವೆಂಬರಿನಲ್ಲಿ ನಮ್ಮ ಕಡೆ ಮೆಕ್ಕೆಜೋಳವನ್ನು ಎಲ್ಲಿ ಒಣಗಿಸುತ್ತಾರೆ ಎಂಬುದು ನಿಮಗೆ ಗೊತ್ತಿದೆ. ಹೊಸ ಡಾಂಬರು ಕಂಡರೆ ಅಲ್ಲಿಯೇ ಹರವುತ್ತಾರೆ, ಅಂಚಿಗೆ ಕಲ್ಲು ಇಡುತ್ತಾರೆ. ರಾತ್ರಿ ಬೈಕಿನವರು ಆ ಕಲ್ಲಿಗೆ ಬೀಳುತ್ತಾರೆ, ಬೆಳಿಗ್ಗೆ ಜಗಳ. ಅರ್ಧ ಎಕರೆ ಸಿಮೆಂಟು ಕಣವನ್ನು ಆ ಅಂಚಿನಲ್ಲಿ ಕಟ್ಟಿಕೊಡಿ. ಎರಡು ತಿಂಗಳು ಜೋಳ, ಉಳಿದ ಹತ್ತು ತಿಂಗಳು ಹುಡುಗರ ವಾಲಿಬಾಲ್, ಮದುವೆಯ ಪೆಂಡಾಲು. ಬಡಾವಣೆಯವರು ಊರಿನೊಳಗೆ ಕಾಲಿಡುವುದಕ್ಕೂ ಅದೊಂದು ನೆಪವಾಗುತ್ತದೆ.

ಮಸಾರಿಹೊಲ

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಬೇವಿನಕಟ್ಟೆಯ ಹತ್ತಿರ ಸಭೆ ಕರೆದೆವು, ಕಾಲೊನಿಯಿಂದ ಐದು ಜನ ಬಂದಿದ್ದರು. ಅವರಲ್ಲಿ ಹಿರಿಯರೊಬ್ಬರು ಹಳ್ಳದ ಹಳೆಯ ಜಾಡನ್ನು ಕೋಲಿನಿಂದ ನೆಲದ ಮೇಲೆ ಬರೆದು ತೋರಿಸಿದರು. ಸರಪಳಿಯವರು ಹೇಳಿದಂತೆ ತೆಗೆಸಿದ ನಕಾಶೆಯೊಂದಿಗೆ ಹೋಲಿಸಿದಾಗ ಅದು ಒಂದು ತಿರುವಿನ ವಿನಾ ಹೊಂದಿಕೆಯಾಯಿತು. ಆ ಒಂದು ತಿರುವು ನಮ್ಮ ಚಿಕ್ಕಪ್ಪನವರ ಬದುವಿನೊಳಗೆ ಸೇರಿಹೋಗಿದೆ. ಅವರು ಇನ್ನೂ ಮಾತಾಡಿಲ್ಲ.

ಮೊದಲ ಹಂತಕ್ಕೆ ಊರಿಗೆ ತಾಗಿದ ಒಂಬತ್ತು ಎಕರೆ, ಕೊಳಚೆಯ ಪಾತಿ ಬಡಾವಣೆಯ ನಡುವೆ, ಅಂಚಿನಲ್ಲಿ ಕಣ ಎಂಬಲ್ಲಿಗೆ ಒಪ್ಪಿದ್ದೇವೆ. ಎರಡು ಪೈಪಿನ ಖರ್ಚಿನ ಬಗ್ಗೆ ಚರ್ಚೆ ನಡೆಯುತ್ತಿದೆ. ಕಣದಮನೆಯವರು ಬರೆದದ್ದನ್ನು ಓದಿ ನನ್ನ ತಮ್ಮ ನಿನ್ನೆ ಸಂಜೆ ಟೇಪು ಹಿಡಿದು ಬಂಡಿದಾರಿಗೆ ಹೋಗಿದ್ದ. ಮೇವು ಹೇರಿದ ಟ್ರೇಲರ್ ಅಂಚಿನಿಂದ ಅಂಚಿಗೆ ಹನ್ನೊಂದು ಅಡಿ ಬಂದಿತು. ಸಲಹೆಗಾರರ ನಕ್ಷೆಯಲ್ಲಿ ಅದೇ ಜಾಗಕ್ಕೆ ಬರೆದಿರುವ ಗೇಟು ಎಂಟು ಅಡಿಯದು.